ಬೀಗದ ಪೆಟ್ಟಿಗೆಯ ಮೇಲೆ ಗುಣಾಕಾರ, ಬೀಗ ತೆಗೆಯುವವನ ಕೈಯಲ್ಲಿ ಸಂಕಲನ

ಮಾನ್ಯ ಸಂಪಾದಕರೇ,

ಬೀಗಗಳ ವಿಚಾರ ಬಂದಾಗ ಪತ್ರಿಕೆಗಳಲ್ಲಿ ಹೆಚ್ಚಾಗಿ ಎರಡೇ ಮಾತು ಕಾಣುತ್ತವೆ. ‘ಈ ಬೀಗವನ್ನು ಯಾರೂ ತೆಗೆಯಲಾರರು’ ಎಂಬುದು ಒಂದು. ‘ಎಂಥ ಬೀಗವಾದರೂ ಕ್ಷಣದಲ್ಲಿ ತೆಗೆಯಬಹುದು’ ಎಂಬುದು ಇನ್ನೊಂದು. ಮೊದಲನೆಯದು ಜಾಹೀರಾತಿನಿಂದ ಬಂದದ್ದು, ಎರಡನೆಯದು ವಿಡಿಯೊಗಳಿಂದ. ಬೀಗ ಬಿಚ್ಚಿ, ಜೋಡಿಸಿ, ಕೂರಿಸುವ ಕೆಲಸ ಬಲ್ಲ ನಮಗೆ ಎರಡೂ ಸರಿಯಲ್ಲವೆಂದು ಗೊತ್ತು. ಮೊದಲನೆಯದನ್ನು ನಂಬಿದವರು ಒಳ್ಳೆಯ ಬೀಗ ತಂದು ಸಡಿಲ ಕದಕ್ಕೆ ಹಾಕುತ್ತಾರೆ. ಎರಡನೆಯದನ್ನು ನಂಬಿದವರು ‘ಯಾವುದಾದರೂ ಒಂದೇ’ ಎಂದು ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಹೈ ಸೆಕ್ಯುರಿಟಿ ಬೀಗವನ್ನು ಕೀ ಇಲ್ಲದೆ ಕಡ್ಡಿ ಆಡಿಸಿ ತೆಗೆಯುವುದು, ಅಂದರೆ ಪಿಕ್ ಮಾಡುವುದು, ನಿಜಕ್ಕೂ ಎಷ್ಟು ಕಷ್ಟ, ಆ ಕಷ್ಟ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಬೀಗದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ದೊಡ್ಡ ಸಂಖ್ಯೆಯಿಂದಲೇ ಶುರುಮಾಡೋಣ. ‘ಒಂದು ಲಕ್ಷ ಬಗೆಯ ಕೀ’ ಎಂದಿರುತ್ತದೆ. ಬೀಗದೊಳಗೆ 5 ಪಿನ್, ಅಂದರೆ ಬೀಗದಕೈ ಮೇಲೆತ್ತುವ ಪುಟ್ಟ ಲೋಹದ ತುಂಡುಗಳು, ಒಂದೊಂದಕ್ಕೂ 10 ಎತ್ತರ. ಐದು ಹತ್ತುಗಳನ್ನು ಗುಣಿಸಿದರೆ 1,00,000. ಅಕ್ಕಪಕ್ಕದ ಕಚ್ಚುಗಳ ನಡುವೆ ಏರಿಳಿತ ತೀರಾ ಹೆಚ್ಚಾದರೆ ಅಂಥ ಬೀಗದಕೈಯನ್ನು ಕಡಿಯಲಾಗುವುದಿಲ್ಲ, ಆದ್ದರಿಂದ ನಿಜವಾಗಿ ಬಳಕೆಗೆ ಬರುವುದು ಇದಕ್ಕಿಂತ ಕಡಿಮೆ. ಅದಿರಲಿ. ಈ ಸಂಖ್ಯೆ ಹೇಳುವುದು ಪಕ್ಕದ ಮನೆಯವರ ಬೀಗದಕೈ ನಿಮ್ಮ ಬೀಗಕ್ಕೆ ಹೊಂದಿಬಿಡುವ ಸಂಭವ ಎಷ್ಟು ಕಡಿಮೆ ಎಂಬುದನ್ನು ಮಾತ್ರ. ಪಿಕ್ ಮಾಡುವವನು ಲಕ್ಷ ಬಗೆಯನ್ನೂ ಪ್ರಯತ್ನಿಸುವುದಿಲ್ಲ. ಅವನು ಒಂದು ಪಿನ್ನಿನ ಎತ್ತರ ಕಂಡುಹಿಡಿದು, ಅದನ್ನು ಅಲ್ಲೇ ನಿಲ್ಲಿಸಿ, ಮುಂದಿನದಕ್ಕೆ ಹೋಗುತ್ತಾನೆ. ಅವನ ಪಾಲಿಗೆ ಹತ್ತಕ್ಕೆ ಹತ್ತು ಕೂಡಿಸಿ, ಮತ್ತೆ ಹತ್ತು ಕೂಡಿಸಿ, ಒಟ್ಟು 50. ಬೀಗ ಮಾಡಿದವರ ಲೆಕ್ಕ ಗುಣಾಕಾರದ್ದು, ತೆಗೆಯುವವನ ಲೆಕ್ಕ ಸಂಕಲನದ್ದು. ಹೈ ಸೆಕ್ಯುರಿಟಿ ಬೀಗವೆಂದರೆ ಆ ಸಂಕಲನವನ್ನು ಮತ್ತೆ ಗುಣಾಕಾರಕ್ಕೆ ತಿರುಗಿಸಲು ಹೊರಟ ಬೀಗ. ಅದರ ಒಳಗಿನ ಪ್ರತಿಯೊಂದು ಉಪಾಯವನ್ನೂ ಈ ಕಣ್ಣಿನಿಂದ ನೋಡಿದರೆ ಅರ್ಥವಾಗುತ್ತದೆ.

ಒಂದೊಂದೇ ಪಿನ್ ಬಿಡಿಸಲು ಸಾಧ್ಯವಾಗುವುದಾದರೂ ಹೇಗೆ? ಲೈನಸ್ ಯೇಲ್ ಕಿರಿಯ 1861ರಲ್ಲಿ ಪೇಟೆಂಟ್ ಪಡೆದ ಪಿನ್ ಟಂಬ್ಲರ್ ಬೀಗದ ರಚನೆಯೇ ಇಂದಿಗೂ ಬಹುಪಾಲು ಬಾಗಿಲುಗಳಲ್ಲಿರುವುದು. ಹೊರಗೊಂದು ಕವಚ, ಒಳಗೆ ತಿರುಗುವ ಪ್ಲಗ್. ಎರಡಕ್ಕೂ ಸೇರಿ ಕೊರೆದ ರಂಧ್ರಗಳಲ್ಲಿ ಕೆಳಗೊಂದು ಪಿನ್, ಮೇಲೊಂದು ಪಿನ್, ಅದರ ಮೇಲೆ ಸ್ಪ್ರಿಂಗ್. ಸರಿಯಾದ ಬೀಗದಕೈ ಹಾಕಿದಾಗ ಎರಡು ಪಿನ್ನುಗಳ ಸಂದು ಎಲ್ಲ ರಂಧ್ರಗಳಲ್ಲೂ ಪ್ಲಗ್ಗಿನ ಅಂಚಿಗೆ ಬಂದು ನಿಲ್ಲುತ್ತದೆ, ಪ್ಲಗ್ ತಿರುಗುತ್ತದೆ. ಆದರೆ ರಂಧ್ರಗಳೆಲ್ಲ ದಾರ ಹಿಡಿದಂತೆ ಒಂದೇ ಸಾಲಿನಲ್ಲಿರುವುದಿಲ್ಲ. ಮಿಲಿಮೀಟರಿನ ನೂರರ ಕೆಲವು ಪಾಲಿನಷ್ಟು ಆಚೀಚೆ ಸರಿದಿರುತ್ತವೆ. ಬಾಗಿಸಿದ ಉಕ್ಕಿನ ಪಟ್ಟಿಯೊಂದರಿಂದ ಪ್ಲಗ್ಗನ್ನು ಹಗುರವಾಗಿ ತಿರುಗಿಸಿ ಹಿಡಿದರೆ ಆ ಒತ್ತಡ ಐದೂ ಪಿನ್ನುಗಳ ಮೇಲೆ ಸಮನಾಗಿ ಬೀಳುವುದಿಲ್ಲ, ಎಲ್ಲಕ್ಕಿಂತ ಹೆಚ್ಚು ಸರಿದಿರುವ ರಂಧ್ರದ ಪಿನ್ ಮಾತ್ರ ಬಿಗಿಯುತ್ತದೆ. ಅದನ್ನು ಎತ್ತುತ್ತ ಹೋದರೆ ಸಂದು ಅಂಚಿಗೆ ಬಂದ ಗಳಿಗೆಯಲ್ಲಿ ಪ್ಲಗ್ ಕೂದಲೆಳೆಯಷ್ಟು ತಿರುಗುತ್ತದೆ, ಮೇಲಿನ ಪಿನ್ ಅಂಚಿನ ಮೇಲೆ ಕೂರುತ್ತದೆ, ಈಗ ಇನ್ನೊಂದು ಪಿನ್ ಬಿಗಿಯುತ್ತದೆ. ಪಿಕ್ ಮಾಡುವ ವಿದ್ಯೆ ನಿಂತಿರುವುದೇ ತಯಾರಿಕೆಯ ಈ ಸಣ್ಣ ಲೋಪದ ಮೇಲೆ.

ಹಾಗಾಗಿ ಬೀಗಕ್ಕೆ ಮೊದಲ ರಕ್ಷಣೆ ಯಂತ್ರದ ನಿಖರತೆ. ಬಳಕೆಯಲ್ಲಿರುವ ಒಂದು ಸಾಮಾನ್ಯ ಮಾದರಿಯಲ್ಲಿ ಒಂದು ಎತ್ತರಕ್ಕೂ ಮುಂದಿನ ಎತ್ತರಕ್ಕೂ ಇರುವ ಅಂತರ 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಪ್ಲಗ್ ಸಡಿಲವಾಗಿದ್ದರೆ ಪಿನ್ ಸ್ವಲ್ಪ ಮೇಲೆ ಕೆಳಗೆ ನಿಂತರೂ ನಡೆಯುತ್ತದೆ, ಬಿಗಿಯಾಗಿದ್ದರೆ ನಡೆಯುವುದಿಲ್ಲ. ಅದೇ ಪಿನ್ ಸಂಖ್ಯೆಯ ಎರಡು ಬೀಗಗಳಲ್ಲಿ ಒಂದು ನಿಮಿಷದೊಳಗೆ ತೆರೆದು, ಇನ್ನೊಂದು ಗಂಟೆಗಟ್ಟಲೆ ಸತಾಯಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಈ ಗುಣ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ಅಂಗಡಿಯಲ್ಲಿ ಕಣ್ಣಿಗೂ ಕಾಣುವುದಿಲ್ಲ.

ಎರಡನೆಯ ರಕ್ಷಣೆ ಸುಳ್ಳು ಸುಳಿವು. ಮೇಲಿನ ಪಿನ್ನನ್ನು ದಾರದ ರೀಲಿನಂತೆ ನಡುವೆ ಸಣ್ಣಗೆ ಮಾಡುತ್ತಾರೆ, ಇದಕ್ಕೆ ಸ್ಪೂಲ್ ಪಿನ್ ಎನ್ನುತ್ತಾರೆ. ಇದು ಬೆರಳಿಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪಿನ್ ಎತ್ತುತ್ತಿರುವಾಗ ಪ್ಲಗ್ ಇದ್ದಕ್ಕಿದ್ದಂತೆ ಕೆಲವು ಡಿಗ್ರಿ ತಿರುಗಿ ನಿಲ್ಲುತ್ತದೆ. ಕಣ್ಣಿಗೇ ಕಾಣುವಷ್ಟು ತಿರುಗುತ್ತದೆ, ಹೊಸಬರು ಬೀಗ ತೆರೆಯಿತೆಂದೇ ತಿಳಿಯುತ್ತಾರೆ. ನಿಜವಾಗಿ ಆಗಿರುವುದು ಪಿನ್ನಿನ ಸಣ್ಣ ನಡು ಅಂಚಿಗೆ ಸಿಕ್ಕಿಹಾಕಿಕೊಂಡಿರುವುದು. ಈಗ ಆ ಪಿನ್ನನ್ನು ಮೇಲೆ ಒತ್ತಿದರೆ ಪ್ಲಗ್ ಉಲ್ಟಾ ತಿರುಗಲು ನೋಡುತ್ತದೆ, ಪಟ್ಟಿ ಹಿಡಿದ ಬೆರಳಿಗೆ ಅದು ಹಿಂದಕ್ಕೆ ತಳ್ಳುವುದು ಗೊತ್ತಾಗುತ್ತದೆ. ದಾರಿ ಒಂದೇ, ಒತ್ತಡ ಸಡಿಲಿಸಿ ಪ್ಲಗ್ಗನ್ನು ಹಿಂದಕ್ಕೆ ಬಿಟ್ಟುಕೊಡಬೇಕು. ಒಂದಿಷ್ಟು ಹೆಚ್ಚು ಸಡಿಲಿಸಿದರೆ ಅಲ್ಲಿಯವರೆಗೆ ಕೂರಿಸಿದ ಪಿನ್ನುಗಳೆಲ್ಲ ಕೆಳಗೆ ಬೀಳುತ್ತವೆ. ಸಡಿಲಿಸದಿದ್ದರೆ ಪಿನ್ ಮೇಲೇಳುವುದಿಲ್ಲ. ಗರಗಸದ ಹಲ್ಲಿನಂತೆ ಗೆರೆ ಕೊರೆದ ಪಿನ್ನುಗಳು ಇನ್ನೊಂದು ಬಗೆ, ಅವು ಪ್ರತಿ ಗೆರೆಗೂ ‘ಕೂತಿತು’ ಎಂಬ ಸುಳ್ಳು ಟಿಕ್ ಕೊಡುತ್ತವೆ. ಇಷ್ಟಾದರೂ ಇದು ಸಂಕಲನವೇ. ಪ್ರತಿ ಅಂಕಿ ಹುಡುಕಲು ಶ್ರಮ ಹೆಚ್ಚಾಯಿತು, ಅಷ್ಟೆ. ಸ್ಪೂಲ್ ಪಿನ್ ಇದೆ ಎಂಬ ಒಂದೇ ಕಾರಣಕ್ಕೆ ಬೀಗವನ್ನು ಹೈ ಸೆಕ್ಯುರಿಟಿ ಎಂದು ಮಾರುವುದನ್ನು ನಾವು ಒಪ್ಪುವುದಿಲ್ಲ.

ಬೀಗ ತೆಗೆಯುವವನನ್ನು ತಡೆಯುವ ಉಪಾಯಗಳು ಹೊಸವೇನಲ್ಲ. ಲಂಡನ್ನಿನ ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗದ ಒಂದು ಮಾದರಿಯನ್ನು 1790ರಲ್ಲಿ ಅಂಗಡಿಯ ಕಿಟಕಿಯಲ್ಲಿಟ್ಟು, ತೆಗೆದವರಿಗೆ 200 ಗಿನಿ (ಆಗಿನ ಚಿನ್ನದ ನಾಣ್ಯ) ಬಹುಮಾನ ಎಂದು ಸವಾಲು ಹಾಕಲಾಗಿತ್ತು. ಅದರಲ್ಲಿ 18 ಜಾರುಪಟ್ಟಿಗಳು. ಆರು ದಶಕ ಅದನ್ನು ಯಾರೂ ತೆಗೆಯಲಿಲ್ಲ. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ತೆಗೆದರು, 16 ದಿನಗಳಲ್ಲಿ ಹರಡಿದ 51 ಗಂಟೆಗಳ ಕೆಲಸ. ಅದೇ ವರ್ಷ ಅವರು ಜೆರೆಮಯಾ ಚಬ್ 1818ರಲ್ಲಿ ರೂಪಿಸಿದ ‘ಪತ್ತೆ ಬೀಗ’ವನ್ನೂ ತೆಗೆದರು, ಅದಕ್ಕೆ ಹಿಡಿದದ್ದು 25 ನಿಮಿಷ. ಚಬ್ ಬೀಗದಲ್ಲಿ ಲಿವರ್ ಒಂದನ್ನು, ಅಂದರೆ ಬೀಗದಕೈ ಎತ್ತುವ ಪಟ್ಟಿಯೊಂದನ್ನು, ಅಗತ್ಯಕ್ಕಿಂತ ಹೆಚ್ಚು ಎತ್ತಿದರೆ ಬೀಗ ಪೂರ್ತಿ ಜಾಮ್ ಆಗಿ, ಯಾರೋ ಕೈಹಾಕಿದ್ದಾರೆಂದು ಯಜಮಾನನಿಗೆ ತಿಳಿಯುವ ಏರ್ಪಾಡಿತ್ತು. ಎರಡೂ ತೆರೆದವು ಎಂಬುದನ್ನಷ್ಟೇ ನೆನಪಿಟ್ಟುಕೊಂಡವರು 51 ಗಂಟೆಗೂ 25 ನಿಮಿಷಕ್ಕೂ ಇರುವ ಅಂತರವನ್ನು ಮರೆಯುತ್ತಾರೆ. ನಮ್ಮ ಕೆಲಸದಲ್ಲಿ ಬೆಲೆ ಇರುವುದೇ ಆ ಅಂತರಕ್ಕೆ.

ಸಂಕಲನವನ್ನು ನಿಜವಾಗಿ ಮುರಿಯತೊಡಗಿದ್ದು ಸೈಡ್‌ಬಾರ್. ಪ್ಲಗ್ಗಿನ ಪಕ್ಕದಲ್ಲಿ ಉದ್ದಕ್ಕೆ ಮಲಗಿರುವ ಲೋಹದ ಪಟ್ಟಿ ಅದು. ಅದು ಒಳಕ್ಕೆ ಜರುಗದ ಹೊರತು ಪ್ಲಗ್ ತಿರುಗುವುದಿಲ್ಲ, ಪಿನ್ನುಗಳೆಲ್ಲ ಸರಿಯಾದ ಎತ್ತರದಲ್ಲಿದ್ದರೂ ಸರಿ. 1968ರಲ್ಲಿ ಅಮೆರಿಕದಲ್ಲಿ ಶುರುವಾದ ಮೆಡೆಕೊ ಬೀಗದ ಪಿನ್ನನ್ನು ಅಂಗೈಯಲ್ಲಿಟ್ಟು ನೋಡಿ. ತುದಿ ಗುಂಡಗಿಲ್ಲ, ಉಳಿಯ ಬಾಯಂತೆ ಚಪ್ಪಟೆ. ಮೈಯ ಒಂದು ಬದಿಯಲ್ಲಿ ಉದ್ದನೆಯ ಸಣ್ಣ ತೋಡು. ಬೀಗದಕೈಯ ಕಚ್ಚುಗಳನ್ನು ಅಡ್ಡಡ್ಡ ಕಡಿಯದೆ ಓರೆಯಾಗಿ ಕಡಿದಿರುತ್ತಾರೆ, ಕೆಲವು ಎಡಕ್ಕೆ 20 ಡಿಗ್ರಿ, ಕೆಲವು ಬಲಕ್ಕೆ 20 ಡಿಗ್ರಿ, ಕೆಲವು ನೇರ. ಬೀಗದಕೈ ಒಳಗೆ ಹೋದಾಗ ಪಿನ್ ಮೇಲೇಳುವುದಷ್ಟೇ ಅಲ್ಲ, ತನ್ನ ಅಕ್ಷದ ಮೇಲೆ ತಿರುಗಿ ಆ ಓರೆ ಕಚ್ಚಿನಲ್ಲಿ ಕೂರುತ್ತದೆ. ಆಗ ಅದರ ತೋಡು ಸೈಡ್‌ಬಾರಿನ ಕಾಲಿಗೆ ಎದುರಾಗುತ್ತದೆ. ಎಲ್ಲ ಪಿನ್ನುಗಳ ತೋಡುಗಳೂ ಎದುರಾದರೆ ಮಾತ್ರ ಸೈಡ್‌ಬಾರ್ ಒಳಸರಿಯುತ್ತದೆ. 1985ರಲ್ಲಿ ಬಂದ ಬೈಆಕ್ಸಿಯಲ್ ಮಾದರಿಯಲ್ಲಿ ಪಿನ್ನಿನ ತುದಿಯನ್ನು ಅಕ್ಷದಿಂದ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿಸಿದ್ದರಿಂದ ಪ್ರತಿ ಪಿನ್ನಿಗೆ ಓರೆಯ ಬಗೆಗಳು ಮೂರರಿಂದ ಆರಾದವು.

ಪಿಕ್ ಮಾಡುವವನಿಗೆ ಇಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಎತ್ತರ ಸರಿಮಾಡಿದ ಪಿನ್ನನ್ನು ತಿರುಚಲು ಹೋದರೆ ಎತ್ತರ ಕೆಡುತ್ತದೆ. ಒತ್ತಡ ಹೆಚ್ಚಿಸಿದರೆ ಪಿನ್ ಬಿಗಿದುಕೊಂಡು ತಿರುಗಲೊಲ್ಲದು, ಕಡಿಮೆ ಮಾಡಿದರೆ ಕೂತದ್ದು ಬೀಳುತ್ತದೆ. ಸೈಡ್‌ಬಾರಿಗೆ ಎದುರಾಗುವಂತೆ ಪಿನ್ನಿನ ಮೈಮೇಲೆ ಆಳವಿಲ್ಲದ ಸುಳ್ಳು ತೋಡುಗಳೂ ಇರಬಹುದು. ಯಾವುದು ತಪ್ಪಿದೆ, ಎತ್ತರವೋ ಓರೆಯೋ ಎಂದು ಬೆರಳಿಗೆ ಬೇರೆಬೇರೆಯಾಗಿ ತಿಳಿಯದಂತಾಯಿತು. ಒಂದು ಪಿನ್ನಿನ ಕೆಲಸ ಮುಗಿಯಿತೆಂದು ಖಚಿತವಾಗದ ಹೊರತು ಮುಂದಿನದಕ್ಕೆ ಹೋಗಲಾಗದು. ಗುಣಾಕಾರ ಬೀಗದೊಳಕ್ಕೆ ಮರಳಿ ಬರುವುದು ಹೀಗೆ.

ಡಿಸ್ಕ್ ಬೀಗಗಳದ್ದು ಬೇರೆಯೇ ದಾರಿ. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ಕಂಡುಹಿಡಿದ ಈ ರಚನೆಯೇ ಮುಂದೆ ಅಬ್ಲಾಯ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದು. ಒಳಗೆ ಪಿನ್ನೂ ಇಲ್ಲ, ಸ್ಪ್ರಿಂಗೂ ಇಲ್ಲ. ಬಿಲ್ಲೆಗಳಂಥ ಡಿಸ್ಕುಗಳು ಒಂದರ ಹಿಂದೊಂದು ನಿಂತಿರುತ್ತವೆ, ಪ್ರತಿಯೊಂದರ ಅಂಚಿನಲ್ಲೂ ಒಂದು ಕಚ್ಚು. ಬೀಗದಕೈ ಒಂದೊಂದು ಡಿಸ್ಕನ್ನೂ ಬೇರೆಬೇರೆ ಕೋನಕ್ಕೆ ತಿರುಗಿಸುತ್ತದೆ, ಕಚ್ಚುಗಳೆಲ್ಲ ಒಂದು ಸಾಲಿಗೆ ಬಂದಾಗ ಸೈಡ್‌ಬಾರ್ ಅವುಗಳೊಳಗೆ ಇಳಿಯುತ್ತದೆ. ಸ್ಪ್ರಿಂಗ್ ಇಲ್ಲದ ಕಾರಣ ಡಿಸ್ಕ್ ತಾನಾಗಿ ಹಿಂದಕ್ಕೆ ಬರುವುದಿಲ್ಲ, ಸಾಮಾನ್ಯ ಪಿಕ್ ಇಲ್ಲಿ ಏನೂ ಮಾಡದು. ಒಂದು ಡಿಸ್ಕಿನ ಮೇಲೆ ಒತ್ತಡ ಹಿಡಿದು ಉಳಿದವನ್ನು ಒಂದೊಂದಾಗಿ ತಿರುಗಿಸುವ ಎರಡು ತುದಿಯ ವಿಶೇಷ ಸಾಧನ ಬೇಕು, ಅದೂ ಆಯಾ ಮಾದರಿಯ ಕೀಲಿರಂಧ್ರಕ್ಕೆ ಅಳತೆಯಾಗಿ. ಅಗ್ಗದ ಡಿಸ್ಕ್ ಬೀಗಗಳು ಆ ಸಾಧನಕ್ಕೆ ಬೇಗ ಬಗ್ಗುತ್ತವೆ, ಅಲ್ಲೂ ಒಂದು ಡಿಸ್ಕ್ ಮಾತ್ರ ಮೊದಲು ಬಿಗಿಯುತ್ತದಲ್ಲ. ಆದರೆ 2001ರಲ್ಲಿ ಬಂದ ಅಬ್ಲಾಯ್ ಪ್ರೊಟೆಕ್‌ನಲ್ಲಿ ಸೈಡ್‌ಬಾರಿನ ಮೇಲೆ ಒತ್ತಡ ಬೀಳುವ ಮುನ್ನವೇ ಡಿಸ್ಕುಗಳು ತಿರುಗದಂತೆ ತಡೆಯುವ ಏರ್ಪಾಡು ಮಾಡಿದರು. ಡಿಸ್ಕ್ ತಿರುಗಿಸಬೇಕೆಂದರೆ ಒತ್ತಡ ಇರಬಾರದು, ಸುಳಿವು ಬೇಕೆಂದರೆ ಒತ್ತಡ ಇರಬೇಕು. ಬೆರಳಿಗೆ ಸುಳಿವು ಸಿಗುವ ದಾರಿಯನ್ನೇ ಕಡಿದ ಈ ಉಪಾಯವನ್ನು ಬೀಗದ ಕೆಲಸ ಬಲ್ಲ ಯಾರೂ ಮೆಚ್ಚದಿರಲಾರರು. ಇಂಥವನ್ನೂ ಅದಕ್ಕೆಂದೇ ಸಾಧನ ತಯಾರಿಸಿಕೊಂಡ ಹವ್ಯಾಸಿಗಳು ತೆಗೆದದ್ದುಂಟು. ಆದರೆ ಅಂಥ ಸಾಧನ ಹೊತ್ತು ಕತ್ತಲಲ್ಲಿ ಬಾಗಿಲ ಮುಂದೆ ಕೂರುವ ಕಳ್ಳನನ್ನು ಎಣಿಸಿಕೊಂಡು ಬೀಗ ಆರಿಸುವ ಅಗತ್ಯ ಮನೆಗಳಿಗಿಲ್ಲ.

ಉಳಿದ ಬಗೆಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಮಲ್‌ಟಿಲಾಕ್‌ನಲ್ಲಿ ಪಿನ್ನಿನೊಳಗೊಂದು ಪಿನ್, ಎರಡೂ ಬೇರೆಬೇರೆ ಎತ್ತರಕ್ಕೆ ಬರಬೇಕು. ವಿಯೆನ್ನಾದ ಎವ್ವಾ ಸಂಸ್ಥೆಯ ಎಂಸಿಎಸ್ ಬೀಗದಲ್ಲಿ ಬೀಗದಕೈಯೊಳಗೆ 4 ಆಯಸ್ಕಾಂತಗಳು, ಬೀಗದೊಳಗೆ ಅವುಗಳಿಂದ ತಿರುಗುವ 8 ಪುಟ್ಟ ಚಕ್ರಗಳು. ಆ ಚಕ್ರಗಳನ್ನು ಕಡ್ಡಿ ಮುಟ್ಟಲಾರದು.

ಗ್ರಾಹಕರು ಹೆಚ್ಚಾಗಿ ಮೋಸಹೋಗುವುದು ಗುಂಡಿ ಕೊರೆದ ಚಪ್ಪಟೆ ಬೀಗದಕೈ ನೋಡಿ. ಇದನ್ನು ಜನ ಕಂಪ್ಯೂಟರ್ ಕೀ ಎನ್ನುತ್ತಾರೆ, ಇದರಲ್ಲಿ ಕಂಪ್ಯೂಟರ್ ಏನೂ ಇಲ್ಲ. ಇದೂ ಪಿನ್ ಬೀಗವೇ, ಪಿನ್ನುಗಳು ಬೀಗದಕೈಯ ಅಂಚಿನ ಬದಲು ಮೈಯನ್ನು ಮುಟ್ಟುತ್ತವೆ, ಅಷ್ಟೆ. ಒಳ್ಳೆಯ ತಯಾರಿಕೆಯಲ್ಲಿ ಇದು ಬಹಳ ಗಟ್ಟಿ ಬೀಗವಾಗಬಲ್ಲದು. ಅಗ್ಗದ ತಯಾರಿಕೆಯಲ್ಲಿ ಪಿನ್ನುಗಳೆಲ್ಲ ಮಾಮೂಲಿ, ರಂಧ್ರಗಳು ಸಡಿಲ, ಕೆಲವೊಮ್ಮೆ ಬೀಗದಕೈಯ ಮೇಲಿನ ಗುಂಡಿಗಳಲ್ಲಿ ಅರ್ಧಕ್ಕೆ ಎದುರಾಗಿ ಪಿನ್ನೇ ಇರುವುದಿಲ್ಲ. ಕೊಳ್ಳುವಾಗ ಕೇಳಬೇಕಾದದ್ದು ಪಿನ್ ಎಷ್ಟು ಎಂದಲ್ಲ. ಪಿನ್ ಸಾಲಿನ ಹೊರತಾಗಿ ಸ್ವತಂತ್ರವಾದ ಇನ್ನೊಂದು ತಡೆ ಇದೆಯೇ, ಅಂದರೆ ಸೈಡ್‌ಬಾರ್, ಆಯಸ್ಕಾಂತ, ಬೀಗದಕೈಯೊಳಗೇ ಅಲುಗಾಡುವ ಗುಂಡು? ಯಾವ ಮಾನದಂಡದ ಕೆಳಗೆ ಪರೀಕ್ಷೆಯಾಗಿದೆ? ಡುಪ್ಲಿಕೇಟ್ ಮಾಡಿಸಲು ಬೀಗದ ಜೊತೆ ಬಂದ ಕಾರ್ಡ್ ತೋರಿಸಬೇಕೇ? ಮೂರಕ್ಕೂ ಉತ್ತರ ಸಿಗದಿದ್ದರೆ ಅದು ಮಾಮೂಲಿ ಬೀಗ.

ಮಾನದಂಡ ಎಂದಾಗಲೂ ಅದರ ಒಳಗೇನಿದೆ ಎಂದು ಓದಬೇಕು. ಯುರೋಪಿನ ಇಎನ್ 1303ರಲ್ಲಿ ಬೀಗದಕೈ ಭದ್ರತೆಯ ಅತಿ ಮೇಲಿನ ಶ್ರೇಣಿಗೆ ಕನಿಷ್ಠ 1,00,000 ಬಗೆ ಇರಬೇಕು ಎನ್ನುತ್ತದೆ. ಮೇಲೆ ಹೇಳಿದ ಗುಣಾಕಾರದ ಲೆಕ್ಕ ಇದು, ಪಿಕ್ ಮಾಡುವುದರ ಪರೀಕ್ಷೆಯಲ್ಲ. ಅಮೆರಿಕದ ಯುಎಲ್ 437ರಲ್ಲಿ ಪಿಕ್ ಪರೀಕ್ಷೆಯೇ ಇದೆ, ಬೀಗ 10 ನಿಮಿಷ ತಡೆಯಬೇಕು. ಹತ್ತೇ ನಿಮಿಷವೇ ಎಂದು ಹುಬ್ಬೇರಿಸುವವರು ಗಮನಿಸಬೇಕಾದದ್ದು, ಅದು ಕೈಯಲ್ಲಿ ಸಾಧನ ಹಿಡಿದು ನಿಜವಾಗಿ ದುಡಿದ 10 ನಿಮಿಷ, ಬೀಗದ ಪರಿಚಯವಿರುವವರ ಕೈಯಲ್ಲಿ. ಬಾಗಿಲ ಮುಂದೆ ಮಂಡಿಯೂರಿ ಅಷ್ಟು ಹೊತ್ತು ಕೂತರೆ ಯಾರಾದರೂ ನೋಡುತ್ತಾರೆ ಎಂಬ ಎಣಿಕೆ ಅದರ ಹಿಂದಿದೆ. ‘ತೆಗೆಯಲಾಗದ ಬೀಗ’ ಎಂದು ಯಾವ ಮಾನದಂಡವೂ ಹೇಳುವುದಿಲ್ಲ.

ವಿಡಿಯೊಗಳಲ್ಲಿ ಬೀಗ ಬೆಂಚಿನ ಇಕ್ಕಳದಲ್ಲಿ ಕಣ್ಣೆತ್ತರಕ್ಕೆ ನಿಂತಿರುತ್ತದೆ, ಬೆಳಕು ಚೆನ್ನಾಗಿರುತ್ತದೆ, ಮಾದರಿ ಮೊದಲೇ ಗೊತ್ತಿರುತ್ತದೆ. ಅದೇ ಬೀಗವನ್ನು ಮೊದಲು ಎಷ್ಟು ಸಲ ಬಿಚ್ಚಿ ನೋಡಿದ್ದಾರೆ, ಆ ಸಾಧನ ಮಾಡಲು ಎಷ್ಟು ವಾರ ಹಿಡಿಯಿತು ಎಂಬುದು ತೆರೆಯ ಮೇಲೆ ಕಾಣುವುದಿಲ್ಲ. ಅವರ ಕೈಚಳಕಕ್ಕೆ ನಮ್ಮ ಗೌರವವಿದೆ, ತಯಾರಕರು ಎಷ್ಟೋ ದೋಷಗಳನ್ನು ತಿದ್ದಿಕೊಂಡದ್ದು ಅವರಿಂದಲೇ. ಆದರೆ ಅದನ್ನು ಸುದ್ದಿಯಾಗಿಸುವಾಗ ‘ಇಷ್ಟು ಸೆಕೆಂಡು’ ಎಂಬುದರ ಪಕ್ಕದಲ್ಲಿ ಯಾವ ಸಾಧನ, ಎಂಥ ಬೀಗ, ಬಾಗಿಲಿನ ಮೇಲೋ ಇಕ್ಕಳದಲ್ಲೋ ಎಂದು ಒಂದು ಸಾಲು ಬರೆದರೆ ಓದುಗರಿಗೆ ಉಪಕಾರವಾದೀತು.

ಪಿಕ್ ಮಾಡುವುದು ಕಷ್ಟವಾದಷ್ಟೂ ಬೇರೆ ದಾರಿಗಳ ಕಡೆ ಕಣ್ಣು ಹೋಗುತ್ತದೆ. ಬೀಗದೊಳಗೆ ತೂರಿಸಿ ಬಡಿಯುವ ಬಂಪ್ ಕೀ ಎಂಬುದೊಂದಿದೆ. ಹೊರಗಿಂದ ಬಡಿದ ಏಟು ಕೆಳಗಿನ ಪಿನ್ನಿನ ಮೂಲಕ ಮೇಲಿನ ಪಿನ್ನಿಗೆ ದಾಟುತ್ತದೆ. ಸಾಲಾಗಿಟ್ಟ ಕೇರಂ ಕಾಯಿಗಳಲ್ಲಿ ಹಿಂದಿನದಕ್ಕೆ ಹೊಡೆದರೆ ಮುಂದಿನದು ಮಾತ್ರ ಚಿಮ್ಮುವಂತೆ, ಮೇಲಿನ ಪಿನ್ನುಗಳೆಲ್ಲ ಒಂದು ಕ್ಷಣ ಜಿಗಿಯುತ್ತವೆ. ಸ್ಪ್ರಿಂಗ್ ಮತ್ತು ಎರಡು ತುಂಡಿನ ಪಿನ್ ಇರುವ ಮಾಮೂಲಿ ಬೀಗಗಳಿಗೆ ಇದು ನಿಜವಾದ ಅಪಾಯ. ಡಿಸ್ಕ್ ಬೀಗದಲ್ಲಿ ಜಿಗಿಯಲು ಏನೂ ಇಲ್ಲ. ಸೈಡ್‌ಬಾರ್ ಇರುವ ಬೀಗದಲ್ಲಿ ಪಿನ್ ಜಿಗಿದರೂ ಓರೆ ಸರಿಯಾಗಬೇಕು.

ಇದಕ್ಕಿಂತ ದೊಡ್ಡ ದೌರ್ಬಲ್ಯ ಯುರೋ ಸಿಲಿಂಡರಿನ ನಡುವಿನಲ್ಲಿದೆ. ಕದದ ಎರಡೂ ಬದಿಗೆ ಚಾಚುವ ಈ ಹಿತ್ತಾಳೆಯ ಸಿಲಿಂಡರನ್ನು ಹಿಡಿದಿಡುವುದು ನಡುವಿನ ಒಂದೇ ತಿರುಪು. ತಿರುಪಿನ ರಂಧ್ರವೂ ಅಲ್ಲೇ, ಅಗುಳಿ ತಳ್ಳುವ ನಾಲಗೆಗೆ ಬಿಟ್ಟ ಕಂಡಿಯೂ ಅಲ್ಲೇ, ಹಾಗಾಗಿ ಅಲ್ಲಿ ಉಳಿಯುವ ಲೋಹ ಬಹಳ ತೆಳು. ಸಿಲಿಂಡರ್ ಹೊರಗೆ ಚಾಚಿಕೊಂಡಿದ್ದರೆ ಹಿಡಿದು ಮುರಿಯುವುದು ಸುಲಭ. ಪಿನ್ ಎಷ್ಟು ಉತ್ತಮವಾಗಿದ್ದರೂ ಆಗ ಪ್ರಯೋಜನವಿಲ್ಲ. ಅದಕ್ಕೇ ಸಿಲಿಂಡರ್ ತರುವ ಮುನ್ನ ತಿರುಪಿನ ರಂಧ್ರದ ನಡುವಿನಿಂದ ಹೊರಬದಿಗೆ ಎಷ್ಟು, ಒಳಬದಿಗೆ ಎಷ್ಟು ಎಂದು ಬೇರೆಬೇರೆಯಾಗಿ ಅಳೆಯಬೇಕು. ಹಿಡಿಕೆಯ ತಟ್ಟೆಯ ದಪ್ಪವನ್ನೂ ಸೇರಿಸಬೇಕು. ಹೊರಗೆ 3 ಮಿ.ಮೀ.ಗಿಂತ ಹೆಚ್ಚು ಚಾಚಬಾರದು. 30–30 ಅಳತೆಯದು ಬೇಕಾದ ಕಡೆ ಅಂಗಡಿಯಲ್ಲಿದೆಯೆಂದು 35–35 ತಂದು ಕೂರಿಸಿದರೆ ಎರಡೂ ಬದಿ 5 ಮಿ.ಮೀ. ಹೊರಗೆ ಉಳಿಯುತ್ತದೆ, ಅದೇ ಮುರಿಯಲು ಸಿಗುವ ಹಿಡಿ. ಉತ್ತಮ ಮಾದರಿಗಳಲ್ಲಿ ಮುಂಭಾಗದಲ್ಲಿ ಬೇಕೆಂದೇ ಒಂದು ತೆಳು ಗೆರೆ ಕೊರೆದಿರುತ್ತಾರೆ, ಒತ್ತಿದರೆ ಮೂತಿ ಮಾತ್ರ ಮುರಿದು ಬಿದ್ದು ಉಳಿದದ್ದು ಬೀಗವಾಗಿಯೇ ನಿಲ್ಲುತ್ತದೆ. ಕೊರೆಯುವುದನ್ನು ತಡೆಯಲು ಗಟ್ಟಿ ಉಕ್ಕಿನ ಕಡ್ಡಿಗಳನ್ನೂ ಗುಂಡುಗಳನ್ನೂ ಹಾಕಿರುತ್ತಾರೆ.

ಅಗುಳಿ ಚೌಕಟ್ಟಿನೊಳಗೆ 25 ಮಿ.ಮೀ.ನಷ್ಟಾದರೂ ಹೋಗಬೇಕು. ಅದನ್ನು ಹಿಡಿಯುವ ತಗಡಿಗೆ ಬೀಗದ ಜೊತೆ ಬರುವ ಚಿಕ್ಕ ತಿರುಪು ಸಾಲದು, ಚೌಕಟ್ಟು ದಾಟಿ ಗಟ್ಟಿ ಮರಕ್ಕೆ ಕಚ್ಚುವ 75 ಮಿ.ಮೀ. ತಿರುಪು ಹಾಕಬೇಕು. ದುಬಾರಿ ಬೀಗ ಹಾಕಿಸಿ ಇದನ್ನು ಮರೆತರೆ ಒಂದು ಒದೆತಕ್ಕೆ ತಗಡೇ ಕಿತ್ತುಬರುತ್ತದೆ.

ಇನ್ನೊಂದು ಮಾತು ಸುದ್ದಿಗಾರರಿಗೆ. ‘ಬೀಗ ಮುರಿಯದೆ ಒಳನುಗ್ಗಿದ ಕಳ್ಳರು’ ಎಂದರೆ ಪಿಕ್ ಮಾಡಿದರು ಎಂದೇ ಓದುಗರು ತಿಳಿಯುತ್ತಾರೆ. ಅದಕ್ಕೆ ಕಾರಣ ಬೇರೆ ಎಷ್ಟೋ ಇರಬಹುದು. ಬೀಗದಕೈ ತಿರುಗಿಸದೆ ಬಾಗಿಲೆಳೆದುಕೊಂಡು ಹೋಗಿದ್ದರೆ ಓರೆ ಮೂತಿಯ ಸ್ಪ್ರಿಂಗ್ ನಾಲಗೆಯನ್ನು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಹಿಂದಕ್ಕೆ ತಳ್ಳಬಲ್ಲದು. ಹಳೆಯ ಬಾಡಿಗೆದಾರರ ಬಳಿ ಒಂದು ಡುಪ್ಲಿಕೇಟ್ ಉಳಿದಿರಬಹುದು. ನಿಜವಾಗಿ ಪಿಕ್ ಮಾಡಿದ್ದರೆ ಉಕ್ಕಿನ ಕಡ್ಡಿ ಪಿನ್ನುಗಳ ತುದಿಯ ಮೇಲೆ, ಪ್ಲಗ್ಗಿನ ಒಳಗೋಡೆಯ ಮೇಲೆ ಗೀರು ಬಿಟ್ಟಿರುತ್ತದೆ. ಬೀಗದಕೈ ಬಳಸಿ ಆದ ಸವೆತ ನಯವಾಗಿ ಒಂದೇ ದಿಕ್ಕಿನಲ್ಲಿರುತ್ತದೆ, ಕಡ್ಡಿಯ ಗೀರು ಹೊಳೆಯುತ್ತ ಅಡ್ಡಾದಿಡ್ಡಿಯಾಗಿರುತ್ತದೆ. ಸಿಲಿಂಡರ್ ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಆದ್ದರಿಂದ ಅಂಥ ಘಟನೆಯಾದಾಗ ಹಳೆಯ ಸಿಲಿಂಡರನ್ನು ಬಿಸಾಡಬಾರದು, ಅದಕ್ಕೆ ಎಣ್ಣೆಯನ್ನೂ ಬಿಡಬಾರದು.

ಪಿಕ್ ಮಾಡುವುದು ಕಷ್ಟವೆಂಬ ಗುಣ ಯಜಮಾನನಿಗೂ ಅನ್ವಯಿಸುತ್ತದೆ. ಹೈ ಸೆಕ್ಯುರಿಟಿ ಬೀಗದ ಕೀ ಕಳೆದುಹೋದರೆ ರಿಪೇರಿಯವರು ಬಂದು ಸದ್ದಿಲ್ಲದೆ ತೆಗೆದುಕೊಡುತ್ತಾರೆ ಎಂದು ನಿರೀಕ್ಷಿಸಬೇಡಿ. ಹೆಚ್ಚಿನ ಸಲ ಕೊರೆದು ಸಿಲಿಂಡರ್ ಬದಲಿಸುವುದೇ ದಾರಿ. ಬೀಗದ ಜೊತೆ ಬಂದ ಕಾರ್ಡನ್ನೂ ಒಂದು ಕೀಯನ್ನೂ ಮನೆಯಿಂದ ಹೊರಗೆ, ನಂಬಿಕೆಯವರ ಬಳಿ ಇಡಿ. ಡುಪ್ಲಿಕೇಟ್ ಬೇಕಾದಾಗ ಮೂಲ ಬೀಗದಕೈಯಿಂದಲೋ ಕೋಡಿನಿಂದಲೋ ಮಾಡಿಸಬೇಕು. ನಕಲಿನ ನಕಲು ಮಾಡಿಸುತ್ತ ಹೋದರೆ ಪ್ರತಿ ಸಲದ ತಪ್ಪೂ ಕೂಡುತ್ತದೆ, ಬಿಗಿ ಬೀಗ ಅದನ್ನು ಸಹಿಸುವುದಿಲ್ಲ, ಮೊದಮೊದಲು ಅಲುಗಾಡಿಸಿ ತಿರುಗಿಸಬೇಕಾಗುತ್ತದೆ, ಆಮೇಲೆ ಬೀಗದಕೈಯೇ ತಿರುಚಿ ತುಂಡಾಗುತ್ತದೆ. ಪಿನ್ ಬೀಗಕ್ಕೆ ಗ್ರಾಫೈಟ್ ಪುಡಿ ಹಾಕುವವರು ಎಣ್ಣೆ ಬಿಡಬಾರದು, ಎರಡೂ ಕಲೆತರೆ ಕಪ್ಪು ಅಂಟಾಗಿ ಸ್ಪ್ರಿಂಗುಗಳನ್ನು ಹಿಡಿದುಬಿಡುತ್ತದೆ. ಡಿಸ್ಕ್ ಬೀಗಕ್ಕೆ ತೆಳು ಎಣ್ಣೆಯೇ ಸರಿ. ಅಡುಗೆ ಎಣ್ಣೆ ಯಾವುದಕ್ಕೂ ಬೇಡ.

ಕಚೇರಿ, ಹಾಸ್ಟೆಲುಗಳಂಥ ಕಡೆ ಮಾಸ್ಟರ್ ಕೀ ಇರುತ್ತದೆ. ಎಲ್ಲ ಕೋಣೆಗಳಿಗೂ ಒಂದೇ ಕೀ ಹೊಂದಲೆಂದು ಪ್ರತಿ ರಂಧ್ರದಲ್ಲೂ ಒಂದು ತೆಳು ತುಂಡು ಹೆಚ್ಚಿಗೆ ಹಾಕಿರುತ್ತಾರೆ. ಒಂದು ಕೋಣೆಯ ಬೀಗದಕೈ ಮಾತ್ರ ಇದ್ದವರೂ ಒಂದೊಂದು ಪಿನ್ನಿನಂತೆ ಪರೀಕ್ಷಿಸುತ್ತ ಮಾಸ್ಟರ್ ಕೀಯ ಅಳತೆ ಕಂಡುಕೊಳ್ಳಬಹುದೆಂದು ಮ್ಯಾಟ್ ಬ್ಲೇಜ್ ಎಂಬ ಸಂಶೋಧಕರು 2003ರಲ್ಲಿ ತೋರಿಸಿಕೊಟ್ಟರು. ಮತ್ತದೇ ಸಂಕಲನ, ಇಲ್ಲಿ ಪಿಕ್ ಕೂಡ ಬೇಡ. ಕಡಿಯದ ಖಾಲಿ ಕೀ ಎಲ್ಲೆಂದರಲ್ಲಿ ಸಿಗದಂತೆ ಪೇಟೆಂಟಿನಿಂದ ಕಾಪಾಡಿದ ಮಾದರಿಯನ್ನು ಇಂಥ ಕಡೆ ಹಾಕಬೇಕೆಂದು ಹೇಳುವುದು ಅದಕ್ಕೇ. ಪೇಟೆಂಟಿನ ಅವಧಿ ಸಾಮಾನ್ಯವಾಗಿ 20 ವರ್ಷ, ಮುಗಿದ ಮೇಲೆ ಆ ರಕ್ಷಣೆಯೂ ಮುಗಿಯುತ್ತದೆ. ಬೀಗ ಆರಿಸುವಾಗ ಎಷ್ಟು ವರ್ಷ ಉಳಿದಿದೆ ಎಂದು ಕೇಳಿ.

ಕೊನೆಯದಾಗಿ, ಸಂಪಾದಕರೇ, ಇದು ನಿಮ್ಮ ಕೈಯಲ್ಲೇ ಇರುವ ವಿಷಯ. ಬೀಗದಕೈಯ ಹತ್ತಿರದ ಚಿತ್ರಗಳನ್ನು ದಯವಿಟ್ಟು ಅಚ್ಚುಹಾಕಬೇಡಿ. ಹೊಸ ಮನೆಯ ಸಂಭ್ರಮ, ಬಹುಮಾನದ ಕಾರು, ಉದ್ಘಾಟನೆ, ಎಲ್ಲದರಲ್ಲೂ ಬೀಗದಕೈ ಎತ್ತಿ ಹಿಡಿದ ಚಿತ್ರ ಬರುತ್ತದೆ. ಮಾಮೂಲಿ ಬೀಗದಕೈಯ ಕಚ್ಚುಗಳ ಆಳ ಕೆಲವೇ ನಿಗದಿತ ಅಳತೆಗಳಲ್ಲಿ ಒಂದಾಗಿರುವುದರಿಂದ ಚಿತ್ರ ನೋಡಿ ಅದನ್ನು ಓದಬಹುದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ 195 ಅಡಿ ದೂರದ ಚಾವಣಿಯಿಂದ ತೆಗೆದ ಚಿತ್ರದಿಂದ ಮೇಜಿನ ಮೇಲಿದ್ದ ಬೀಗದಕೈಯನ್ನು ಓದಿ ತೋರಿಸಿದ್ದಾರೆ. 2014ರಲ್ಲಿ ಅಮೆರಿಕದ ಒಂದು ದೊಡ್ಡ ಪತ್ರಿಕೆ ಪ್ರಯಾಣದ ಪೆಟ್ಟಿಗೆಗಳನ್ನು ತೆರೆಯುವ ಸರ್ಕಾರಿ ಮಾಸ್ಟರ್ ಕೀಗಳ ಚಿತ್ರ ಪ್ರಕಟಿಸಿತು, ಮರುವರ್ಷ ಅವುಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುವ ಕಡತಗಳು ಇಂಟರ್ನೆಟ್ಟಿನಲ್ಲಿ ಬಂದವು. ಚಿತ್ರ ಬೇಕೇಬೇಕೆಂದಿದ್ದರೆ ಹಿಡಿ ಮಾತ್ರ ಕಾಣಲಿ, ಕಚ್ಚುಗಳು ಮುಷ್ಟಿಯೊಳಗಿರಲಿ. ಹಿಡಿಯ ಮೇಲೆ ಕೆತ್ತಿದ ಸಂಖ್ಯೆಯಿದ್ದರೆ ಅದನ್ನೂ ಮಸುಕು ಮಾಡಿ, ಬೀಗದಕೈ ಮಾಡಿಸಲು ಕೆಲವು ಮಾದರಿಗಳಲ್ಲಿ ಆ ಸಂಖ್ಯೆಯೊಂದೇ ಸಾಕು.

ಇಂತಿ,
ಬೀಗದ ಕೆಲಸ ಬಲ್ಲ ಕೆಲವು ಓದುಗರು